ತಿರುಮಲೈಸಾಮಿ ಮನೆಯೊಳಗಿನ ಇಪ್ಪತ್ತನಾಲ್ಕು ಗಜ ರಸ್ತೆ

೧೯೮೪ನೇ ಇಸವಿ ಫೆಬ್ರವರಿ ಹದಿನಾಲ್ಕನೇ ತಾರೀಖು ಮಂಗಳವಾರ, ಸೆಂಗಾಟ್ಟುಪಾಳ್ಯದ ನೇಕಾರರ ಬೀದಿಯ ಉದ್ದ ಬೆಳಿಗ್ಗೆ ಸಾವಿರದ ನೂರ ನಾಲ್ಕು ಗಜವೂ ಮಧ್ಯಾಹ್ನ ಸಾವಿರದ ನೂರ ಇಪ್ಪತ್ತೆಂಟು ಗಜವೂ ಇತ್ತು. ಎರಡೂ ಅಳತೆ ಸರಿಯಾಗಿವೆ. ಎರಡಕ್ಕೂ ಸಾಕ್ಷಿಯ ಸಹಿ ಇದೆ, ಕಚೇರಿಯ ಸೀಲು ಇದೆ, ಕಡತದಲ್ಲಿ ಪುಟಸಂಖ್ಯೆ ಇದೆ.

ಇದನ್ನು ಕೇಳಿ ನಗುವವರುಂಟು. ನಗುವವರು ಯಾರೂ ಸರ್ಕಾರಿ ಕಚೇರಿಯಲ್ಲಿ ಕೂತು ಬೆನ್ನು ಬಗ್ಗಿಸಿದವರಲ್ಲ. ನಾನು ಗ್ರಾಮಬೀದಿ ಉನ್ನತೀಕರಣ ವಿಶೇಷ ಉಪವಿಭಾಗದಲ್ಲಿ ಇಪ್ಪತ್ತಾರು ವರ್ಷ ಎರಡನೇ ಗುಮಾಸ್ತನಾಗಿದ್ದೆ. ಮೊದಲನೇ ಗುಮಾಸ್ತ ಅಂತ ಯಾರೂ ಇರಲಿಲ್ಲ. ಆ ಹುದ್ದೆ ಮಂಜೂರಾಗಿರಲಿಲ್ಲ. ನನ್ನ ಹೆಸರು ಮಾಯಣ್ಣ, ಕೊಯಮತ್ತೂರು ಜಿಲ್ಲೆಯ ಅನ್ನೂರು ಪಕ್ಕದ ಒಕ್ಕಲು ಮನೆಯವನು. ಮನೆಯಲ್ಲಿ ಕನ್ನಡ, ಕಚೇರಿಯಲ್ಲಿ ತಮಿಳು, ಮೇಲಧಿಕಾರಿ ಬಂದರೆ ಬರೀ ‘ಸಾರ್’. ಕಡತವೆಲ್ಲ ತಮಿಳಿನಲ್ಲಿದೆ, ಅಳತೆಯೆಲ್ಲ ಮೀಟರಿನಲ್ಲಿದೆ. ಮನೆಮಾತಿನಲ್ಲಿ, ಗಜದಲ್ಲಿ ಹೇಳುತ್ತಿರುವುದರಿಂದ ಅಲ್ಲಲ್ಲಿ ಗಾಂಭೀರ್ಯ ಕಮ್ಮಿಯಾದರೆ ಅದು ನನ್ನ ತಪ್ಪು, ಇಲಾಖೆಯದಲ್ಲ.

ಆ ಬೀದಿ ಅನ್ನೂರು ರಸ್ತೆಯ ಬಸ್‌ಸ್ಟಾಪಿನಲ್ಲಿ ಶುರುವಾಗಿ ತಿರುಮಲೈಸಾಮಿ ಎಂಬ ನೇಕಾರನ ಮನೆಬಾಗಿಲಿಗೆ ಬಂದು ನಿಲ್ಲುತ್ತದೆ. ಆಮೇಲೆ ದಾರಿಯಿಲ್ಲ. ಎರಡು ಸಾಲಿನಲ್ಲೂ ನಮ್ಮ ಕನ್ನಡದ ನೇಕಾರರೇ. ಯಾವ ಕಾಲದಲ್ಲಿ ಬಂದರೋ ಅವರಿಗೇ ನೆನಪಿಲ್ಲ. ಪ್ರತಿ ಮನೆಯಲ್ಲೂ ಒಂದು ಕುಳಿಮಗ್ಗ. ಅಂದರೆ ನಡುಮನೆಯ ನೆಲದಲ್ಲಿ ಸೊಂಟದಾಳ ಒಂದು ಕುಳಿ ತೋಡಿರುತ್ತಾರೆ. ನೇಯುವವನು ಅದರ ಅಂಚಿನಲ್ಲಿ ಕೂತು, ಕಾಲು ಒಳಕ್ಕೆ ಇಳಿಬಿಟ್ಟು, ಅಲ್ಲಿರುವ ತುಳಿಮಣೆಗಳನ್ನು ತುಳಿಯುತ್ತಾನೆ. ತಿರುಮಲೈಸಾಮಿ ಮನೆಯ ಕುಳಿಯನ್ನು ಅವನ ಅಜ್ಜ ತೋಡಿದ್ದು. ಅದರಲ್ಲಿ ಕಾಲಿಟ್ಟುಕೊಂಡೇ ಅವನು ಮೂವತ್ತು ವರ್ಷ ನೂಲಿನ ಸೀರೆ ನೇಯ್ದ, ಇಬ್ಬರು ಹೆಣ್ಣುಮಕ್ಕಳನ್ನು ದಡ ಸೇರಿಸಿದ. ಅವನಿಗೆ ಬೇರೆ ಆಸ್ತಿ ಅಂತ ಇದ್ದದ್ದು ಹೆಂಡತಿ ಕಣ್ಣಮ್ಮನ ಬಾಯಿ ಮಾತ್ರ.

ಬೀದಿಗೆ ತಾರು ಹಾಕಲು ಮಂಜೂರಾತಿ ಬಂತು. ಅಂದಾಜುಪಟ್ಟಿ ಮಾಡಲು ಉದ್ದ ಬೇಕಾಯಿತು. ಉಪವಿಭಾಗದಲ್ಲಿ ಒಂದು ಉಕ್ಕಿನ ಸರ್ವೇ ಸರಪಳಿ ಇತ್ತು, ಒಳ್ಳೇ ಸ್ಥಿತಿಯಲ್ಲೇ ಇತ್ತು. ಆದರೆ ಅದನ್ನು ಕಚೇರಿಯ ಗೇಟಿಗೆ ಸುತ್ತಿ ಬೀಗ ಹಾಕಲಾಗುತ್ತಿತ್ತು. ಗೇಟಿಗೆಂದು ಬೇರೆ ಸರಪಳಿ ಕೇಳಿ ಬರೆದಿದ್ದೆವು. ‘ತಮ್ಮಲ್ಲಿ ಈಗಾಗಲೇ ಒಂದು ಸರಪಳಿ ಇರುತ್ತದೆ’ ಎಂಬ ಷರಾದೊಂದಿಗೆ ಪತ್ರ ವಾಪಸ್ ಬಂದಿತ್ತು. ಸಿಬ್ಬಂದಿ ಅಳತೆಗೆ ಹೊರಗೆ ಹೋದಾಗ ಗೇಟಿಗೆ ಬೀಗ ಹಾಕಿರತಕ್ಕದ್ದು ಎಂಬುದು ನಿಯಮ. ಆದ್ದರಿಂದ ಯಾರೂ ಅಳತೆಗೆ ಹೋಗದ ದಿನಗಳಲ್ಲಿ ಮಾತ್ರ ಸರಪಳಿ ಅಳತೆಗೆ ದೊರೆಯುತ್ತಿತ್ತು. ಇದರಲ್ಲಿ ಯಾರನ್ನೂ ದೂರುವಂತಿಲ್ಲ.

ಹೀಗಾಗಿ ನಮ್ಮ ಓವರ್‌ಸಿಯರ್ ವೆಲ್ಲಿಂಗಿರಿ ಬೆಳಿಗ್ಗೆ ಏಳು ಗಂಟೆಗೆ ಬರಿಗೈಯಲ್ಲಿ ಬೀದಿಗೆ ಹೋದ. ಜೊತೆಯಲ್ಲಿ ಬರೆದುಕೊಳ್ಳಲು ನಾನು. ಆ ಹೊತ್ತಿಗೆ ತಿರುಮಲೈಸಾಮಿ ಬೀದಿಯಲ್ಲಿ ಹಾಸು ಹಾಕಿದ್ದ. ಸೀರೆಯ ಉದ್ದಕ್ಕೆ ಓಡುವ ನೂಲನ್ನು ಹಾಸು ಅನ್ನುತ್ತಾರೆ. ಎಂಟು ಸೀರೆಗಾಗುವಷ್ಟು ನೂಲನ್ನು ಕವೆಗೋಲುಗಳ ಮೇಲೆ ಬೀದಿಯಲ್ಲಿ ಬಿಗಿದು, ಗಂಜಿ ಬಳಿದು, ದೊಡ್ಡ ಕುಂಚದಿಂದ ತೀಡಿ ಒಣಗಿಸುತ್ತಾರೆ. ವೆಲ್ಲಿಂಗಿರಿ ಆ ಹಾಸನ್ನು ಈ ತುದಿಯಿಂದ ಆ ತುದಿಗೆ ನೋಡಿದ. ಇದೆಷ್ಟು ಉದ್ದ ಅಂತ ಕೇಳಿದ.

“ನಲವತ್ತೆಂಟು ಗಜ. ಒಂದು ಬೆರಳು ಹೆಚ್ಚಿಲ್ಲ, ಒಂದು ಬೆರಳು ಕಮ್ಮಿಯಿಲ್ಲ. ನಮ್ಮಜ್ಜನ ಕಾಲದಿಂದ ಇದೇ ಅಳತೆ,” ಅಂದ ತಿರುಮಲೈಸಾಮಿ.

‘ಸುಮಾರು’ ಅಂತ ಒಂದು ಮಾತು ಸೇರಿಸಿದ್ದರೆ ಮುಂದಿನದು ಯಾವುದೂ ಆಗುತ್ತಿರಲಿಲ್ಲ. ಆದರೆ ನೇಕಾರನನ್ನು ನಿಲ್ಲಿಸಿ ಹಾಸಿನ ಉದ್ದ ಕೇಳಿದರೆ ಅವನು ‘ಸುಮಾರು’ ಅನ್ನುತ್ತಾನೆಯೇ? ಕಣ್ಣಮ್ಮ ಗಂಜಿ ಪಾತ್ರೆಯ ಹಿಂದಿನಿಂದ ಗಂಡನಿಗೆ ಕಣ್ಣು ಬಿಟ್ಟಳು. ಅವನು ನೋಡಲಿಲ್ಲ. ಸರ್ಕಾರ ತನ್ನ ಹಾಸನ್ನು ಅಳತೆಗೋಲು ಮಾಡಿಕೊಳ್ಳುತ್ತಿದೆ ಅಂತ ಅವನ ಮುಖ ಊರಗಲ ಆಗಿತ್ತು.

ಬೀದಿಯ ಎಂಟು ಗಂಡಸರು ಕವೆಗೋಲು ಸಮೇತ ಹಾಸನ್ನು ಎತ್ತಿಕೊಂಡರು. ಬಸ್‌ಸ್ಟಾಪಿನಿಂದ ಶುರುಮಾಡಿ, ನಿಲ್ಲಿಸುವುದು, ಗೆರೆ ಎಳೆಯುವುದು, ಮತ್ತೆ ಎತ್ತುವುದು. ಗಂಜಿ ಸೋರುತ್ತಿತ್ತು. ತಿರುಮಲೈಸಾಮಿ ಪಕ್ಕದಲ್ಲೇ ನಡೆಯುತ್ತ, ನೂಲು ತುಂಡಾದ ಕಡೆ ಗಂಟು ಹಾಕುತ್ತ ಬಂದ. ಅವನ ಬಾಗಿಲು ಮುಟ್ಟುವಾಗ ಸರಿಯಾಗಿ ಇಪ್ಪತ್ಮೂರು ಹಾಸು ಆಗಿತ್ತು. ನಾನು ಬರೆದೆ, ಅವನು ಸಾಕ್ಷಿ ಸಹಿ ಹಾಕಿದ, ಕಣ್ಣಮ್ಮ ಎಲ್ಲರಿಗೂ ರಾಗಿ ಅಂಬಲಿ ಕೊಟ್ಟಳು.

ಪ್ರತಿ ಅಳತೆಯನ್ನೂ ವಿರುದ್ಧ ದಿಕ್ಕಿನಿಂದ ಇನ್ನೊಮ್ಮೆ ಅಳೆಯತಕ್ಕದ್ದು ಅಂತ ಕೈಪಿಡಿಯಲ್ಲಿದೆ. ಊಟ ಮುಗಿಸಿ, ವೆಲ್ಲಿಂಗಿರಿ ಜಗುಲಿಯ ಮೇಲೆ ಕೊಂಚ ಹೊತ್ತು ಅಡ್ಡಾಗಿ ಎದ್ದ ಮೇಲೆ, ಎರಡೂವರೆಗೆ ಅದನ್ನೂ ಮಾಡಿದೆವು. ಬರುವಾಗ ಇಪ್ಪತ್ಮೂರೂವರೆ ಹಾಸು ಬಂತು. ಮತ್ತೆ ಸಹಿ ಹಾಕು ಅಂದಾಗ ತಿರುಮಲೈಸಾಮಿ ತಲೆ ಕೆರೆದುಕೊಂಡು ವಿವರಿಸಿದ: ಗಂಜಿ ಹಸಿಯಿದ್ದಾಗ ಹಾಸು ನೀಳುತ್ತದೆ, ಒಣಗಿದ ಮೇಲೆ ಎಳೆದುಕೊಳ್ಳುತ್ತದೆ, ಹಾಗಾಗಿ ಈಗ ಹೆಚ್ಚು ಹಾಸು ಹಿಡಿಯಿತು. ಅಳತೆ ಪುಸ್ತಕದಲ್ಲಿ ಗಂಜಿಗೆ ಕಲಂ ಇಲ್ಲ ಅಂತ ವೆಲ್ಲಿಂಗಿರಿ ಹೇಳಿದ. ಹಾಸು ನಲವತ್ತೆಂಟು ಗಜ ಹೌದೋ ಅಲ್ಲವೋ ಅಷ್ಟು ಹೇಳು ಅಂದ. ಹೌದು ಅಂತ ಅವನು ಸಹಿ ಹಾಕಿದ. ನೇಕಾರನ ಮರ್ಯಾದೆ ಅವನಿಂದ ಆ ಸಹಿ ಹಾಕಿಸಿತು, ನಾನು ಪುಸ್ತಕ ಹಿಡಿದುಕೊಂಡಿದ್ದೆ.

ಈಗ ಒಂದೇ ಬೀದಿಗೆ ಎರಡು ಉದ್ದ. ಅಳತೆ ಪುಸ್ತಕದಲ್ಲಿ ಬರೆದದ್ದನ್ನು ಹೊಡೆದು ಹಾಕುವಂತಿಲ್ಲ. ನಮ್ಮ ಸಹಾಯಕ ಇಂಜಿನಿಯರ್ ಸುಬ್ಬಯ್ಯನ್ ಅವರು ಎರಡು ದಿನ ಯೋಚಿಸಿದರು. ಕಂಟ್ರಾಕ್ಟರ್ ಮಾರಪ್ಪನ್ ಆ ಹೊತ್ತಿಗೆ ಕಾಕತಾಳೀಯವಾಗಿ ಕಚೇರಿಯಲ್ಲಿದ್ದ. ಅವನು ಎಲ್ಲ ದಿನವೂ ಕಾಕತಾಳೀಯವಾಗಿಯೇ ಇರುತ್ತಿದ್ದ. ಕಡೆಗೆ ಸುಬ್ಬಯ್ಯನ್ ಅವರು ತೀರ್ಮಾನ ಕೊಟ್ಟರು: ಬೆಳಗಿನ ಏಳು ಗಂಟೆ ಕಚೇರಿ ವೇಳೆಯಲ್ಲ, ಆ ಹೊತ್ತಿನಲ್ಲಿ ಬೀದಿಗೆ ಇದ್ದ ಉದ್ದ ಅದರ ಖಾಸಗಿ ವಿಷಯ. ಎರಡೂವರೆ ಗಂಟೆಯ ಉದ್ದವೇ ಅಧಿಕೃತ ಉದ್ದ. ಮಾರಪ್ಪನ್ ಇದನ್ನು ಕೇಳಿ ಸಾಹೇಬರ ಬುದ್ಧಿಗೆ ಎರಡೂ ಕೈ ಮುಗಿದ.

ಮಳೆ ಮುಗಿದ ಮೇಲೆ ಮಾರಪ್ಪನ್ ತಾರು ಹಾಕಿದ. ತಾರು ತಿರುಮಲೈಸಾಮಿಯ ಹೊಸ್ತಿಲಿನ ತನಕ ಬಂದು ನಿಂತಿತು. ಮಂಜೂರಾದ ರಸ್ತೆಯಲ್ಲಿ ಇನ್ನೂ ಇಪ್ಪತ್ತನಾಲ್ಕು ಗಜ ಬಾಕಿಯಿತ್ತು, ಆದರೆ ಬೀದಿ ಬಾಕಿಯಿರಲಿಲ್ಲ. ಇಂಥ ಸಂದರ್ಭಗಳಲ್ಲಿ ಬಾಕಿ ಉಳಿದ ರಸ್ತೆ ಕಂಟ್ರಾಕ್ಟರ್ ಮತ್ತು ಕಚೇರಿಯ ನಡುವೆ ಸದ್ದಿಲ್ಲದೆ ಹಂಚಿಹೋಗುವುದು ಪದ್ಧತಿ. ನನ್ನ ಪಾಲಿಗೆ ಮೂರು ಗಜ ಬರುತ್ತದೆ ಅಂತ ವೆಲ್ಲಿಂಗಿರಿ ಹೇಳಿದ್ದ. ನಾನು ಬೇಡ ಅನ್ನಲಿಲ್ಲ.

ಆದರೆ ಕೊಯಮತ್ತೂರಿನಿಂದ ದೊಡ್ಡ ಇಂಜಿನಿಯರ್ ತಪಾಸಣೆಗೆ ಬಂದರು. ಯಾರ ಮನೆಯಲ್ಲೂ ಒಂದು ಲೋಟ ಕಾಫಿ ಕುಡಿಯದ ಮನುಷ್ಯ. ಅಂಥವರಿಂದ ಜನಕ್ಕೆ ಎಷ್ಟು ತೊಂದರೆ ಅಂತ ಅನುಭವಿಸಿದವರಿಗೇ ಗೊತ್ತು. ಸ್ವಂತ ಟೇಪು ತಂದಿದ್ದರು. ಬಸ್‌ಸ್ಟಾಪಿನಿಂದ ಅಳೆಯುತ್ತ ಬಂದು ಹೊಸ್ತಿಲಿನ ಮುಂದೆ ನಿಂತು, ಇಪ್ಪತ್ತನಾಲ್ಕು ಗಜ ಎಲ್ಲಿ ಅಂತ ಕೇಳಿದರು. ಸುಬ್ಬಯ್ಯನ್ ಅವರ ಬೆವರು ಅಂಗಿಯ ಮೇಲೆ ಕಾಣಿಸಿತು. ವೆಲ್ಲಿಂಗಿರಿ ಆಕಾಶ ನೋಡಿದ. ಮಾರಪ್ಪನ್ ಮಾತ್ರ ಕೈ ಕಟ್ಟಿಕೊಂಡು, ವಿನಯವಾಗಿ, ಮನೆಬಾಗಿಲಿನ ಕಡೆ ಗದ್ದದಿಂದಲೇ ತೋರಿಸಿದ.

“ಉಳಿದದ್ದು ಒಳಗಿದೆ ಸಾರ್,” ಅಂದ.

ದೊಡ್ಡ ಇಂಜಿನಿಯರ್ ಬಗ್ಗಿ ಒಳಗೆ ನೋಡಿದರು. ನೇರವಾಗಿ ಹಿತ್ತಲಿನ ತನಕ ಕಾಣುತ್ತಿತ್ತು. ನೇಕಾರರ ಮನೆಗಳೇ ಹಾಗೆ, ಎಲ್ಲ ಬಾಗಿಲೂ ಒಂದೇ ಸಾಲಿನಲ್ಲಿರುತ್ತವೆ. ಅವರು ಟೇಪು ಹಿಡಿದು ಒಳಗೆ ನಡೆದರು. ಒಳಜಗುಲಿ ಮೂರು ಗಜ, ನಡುಮನೆ ಒಂಬತ್ತು, ಅಡುಗೆಮನೆ ಐದು, ಹಿತ್ತಲಿನ ಒಗೆಯುವ ಕಲ್ಲಿನ ತನಕ ಏಳು. ಒಟ್ಟು ಇಪ್ಪತ್ತನಾಲ್ಕು. ಬೂಟು ಬಿಚ್ಚಿ ಬನ್ನಿ ಅಂತ ಕಣ್ಣಮ್ಮ ಹೇಳಿದಳು. ಸರ್ಕಾರಿ ರಸ್ತೆಯಲ್ಲಿ ಯಾರೂ ಬೂಟು ಬಿಚ್ಚುವುದಿಲ್ಲ ಅಂತ ಅವರು ಸಮಾಧಾನವಾಗಿ ತಿಳಿಸಿದರು.

ಅವರು ಬರೆಸಿದ ತಪಾಸಣಾ ವರದಿಯ ನಕಲು ನನ್ನ ಬಳಿ ಇದೆ. ರಸ್ತೆಯ ಉದ್ದ ಸರಿಯಾಗಿದೆ. ಸಾವಿರದ ನೂರ ನಾಲ್ಕನೇ ಗಜದ ನಂತರ ಬಾಗಿಲುಗಳಿರುವಲ್ಲಿ ಅಗಲ ಮೂರು ಅಡಿಗೆ ಇಳಿದಿದ್ದು, ಎತ್ತರದ ವಾಹನಗಳು ತಲೆ ತಗ್ಗಿಸಿ ಹೋಗತಕ್ಕದ್ದು. ಮೇಲ್ಮೈ ತಾರಿನ ಬದಲು ಸೆಗಣಿಯಿಂದ ಕೂಡಿದ್ದು, ಗುಣಮಟ್ಟ ತಾರು ಭಾಗಕ್ಕಿಂತ ಉತ್ತಮವಾಗಿರುತ್ತದೆ. ಅಂಚುಗಳನ್ನು ರಂಗೋಲಿಯಿಂದ ಗುರುತಿಸಿರುವುದು ಶ್ಲಾಘನೀಯ. ಆದರೆ ನಡುಮನೆ ಎಂಬಲ್ಲಿ ರಸ್ತೆಯ ಮಧ್ಯೆ ಐದಡಿ ಉದ್ದ, ನಾಲ್ಕಡಿ ಅಗಲ, ಮೂರಡಿ ಆಳದ ಒಂದು ಭಾರೀ ಗುಂಡಿ ಬಿದ್ದಿದ್ದು, ಅದರ ಮೇಲೆ ಮರದ ಕಟ್ಟಡವೊಂದು ಅತಿಕ್ರಮಿಸಿರುತ್ತದೆ. ಕಂಟ್ರಾಕ್ಟರ್ ಹದಿನೈದು ದಿನದೊಳಗೆ ಅತಿಕ್ರಮಣ ತೆಗೆದು ಗುಂಡಿ ಮುಚ್ಚದಿದ್ದರೆ ಪೂರ್ಣತಾ ಪ್ರಮಾಣಪತ್ರ ಕೊಡತಕ್ಕದ್ದಲ್ಲ.

ಮರದ ಕಟ್ಟಡ ಎಂದರೆ ಮಗ್ಗ. ಗುಂಡಿ ಎಂದರೆ ತಿರುಮಲೈಸಾಮಿಯ ಕುಳಿ.

ಮರುದಿನ ಗಂಡ ಹೆಂಡತಿ ಇಬ್ಬರೂ ಕಚೇರಿಗೆ ಬಂದರು. ಅದು ರಸ್ತೆಯಲ್ಲ, ಮನೆ ಅಂತ ಬರೆದುಕೊಡಿ ಎಂಬುದು ಅವರ ಕೋರಿಕೆ. ಸುಬ್ಬಯ್ಯನ್ ಅವರು ಕೂರಿಸಿ, ನಿಧಾನವಾಗಿ ಬಿಡಿಸಿ ಹೇಳಿದರು. ಅದು ಮನೆಯಾದರೆ ರಸ್ತೆಯಲ್ಲಿ ಇಪ್ಪತ್ತನಾಲ್ಕು ಗಜ ಇಲ್ಲವೆಂದಾಗುತ್ತದೆ. ಇಲ್ಲವೆಂದಾದರೆ ಅಳತೆ ಸುಳ್ಳು. ಅಳತೆ ಸುಳ್ಳಾದರೆ ಹಾಸು ಸುಳ್ಳು. ಹಾಸು ನಲವತ್ತೆಂಟು ಗಜ ಅಂತ ಎರಡು ಸಲ ಸಹಿ ಹಾಕಿದ್ದು ಯಾರು? ತಿರುಮಲೈಸಾಮಿ ತನ್ನ ಸಹಿಯನ್ನು ನೋಡಿದ, ಇದು ತನ್ನದೇ ಅಂತ ಒಪ್ಪಿಕೊಂಡ. ಸರ್ಕಾರಕ್ಕೆ ಸುಳ್ಳು ಸಾಕ್ಷಿ ಹೇಳಿದ್ದಕ್ಕೆ ಏನಾಗುತ್ತದೆ ಅಂತ ಸುಬ್ಬಯ್ಯನ್ ಅವರು ಹೇಳಲಿಲ್ಲ, ದಪ್ಪ ಪುಸ್ತಕವೊಂದನ್ನು ಮೇಜಿನ ಮೇಲೆ ಈ ಕಡೆಯಿಂದ ಆ ಕಡೆಗೆ ಸರಿಸಿದರು ಅಷ್ಟೆ.

ಹೊರಗೆ ಗೇಟಿನ ಹತ್ತಿರ ತಿರುಮಲೈಸಾಮಿ ನನ್ನ ಕೈ ಹಿಡಿದುಕೊಂಡ. ಮನೆ ರಸ್ತೆಯಾದರೆ ಆಗಲಿ ಅಂದ, ಜನ ಓಡಾಡಿದರೆ ಓಡಾಡಲಿ. ಕುಳಿ ಒಂದನ್ನು ಬಿಟ್ಟುಬಿಡಿ ಅಂದ. ಪಲ್ಲಡದ ಕಡೆ ಪವರ್‌ಲೂಮಿನಲ್ಲಿ ಕೆಲಸ ಸಿಗುತ್ತದೆ ಅಂತ ನಾನು ಬಾಯಿಗೆ ಬಂದದ್ದು ಹೇಳಿದೆ.

“ಅಲ್ಲಿ ನಿಂತ್ಕೊಂಡು ನೇಯ್ಬೇಕು ಮಾಯಣ್ಣ,” ಅಂದ ಅವನು. “ನನಗೆ ಐವತ್ತು ಆಯ್ತು. ಈ ಕಾಲಿಗೆ ಕುಳಿ ಬಿಟ್ರೆ ಬೇರೆ ಊರು ಗೊತ್ತಿಲ್ಲ.”

ಅವನ ಕೈ ಬಿಡಿಸಿಕೊಳ್ಳಲು ನನಗೆ ಮನಸ್ಸಾಗಲಿಲ್ಲ. ಕಚೇರಿ ವೇಳೆಯಲ್ಲಿ ಗುಮಾಸ್ತನಿಗೆ ಹಾಗಾಗಬಾರದು. ಆದರೂ ಆಯಿತು, ಮುಚ್ಚಿಡುವುದೇನು. ಆ ಮೂರು ಗಜ ನನಗೆ ಬೇಡ ಅಂತ ಸಂಜೆ ವೆಲ್ಲಿಂಗಿರಿಗೆ ಹೇಳಿದೆ. ಹೇಗೂ ಈಗ ಅದು ಅಡುಗೆಮನೆಯಲ್ಲಿದೆ, ಯಾರಿಗೂ ಸಿಗುವುದಿಲ್ಲ ಅಂತ ಅವನು ಹೇಳಿದ.

ಈ ನಡುವೆ ಉಪವಿಭಾಗ ಸುಮ್ಮನೆ ಕೂರಲಿಲ್ಲ. ಬೀದಿಯಲ್ಲಿ ಡಂಗುರ ಹೊಡೆಸಿ ಈ ಕೆಳಗಿನ ಪ್ರಕಟಣೆ ಓದಿಸಿತು: ‘ನೇಕಾರರ ಬೀದಿ ರಸ್ತೆಯು ಹಿತ್ತಲಿನ ಒಗೆಯುವ ಕಲ್ಲಿನವರೆಗೆ ಸಾರ್ವಜನಿಕ ಉಪಯೋಗಕ್ಕೆ ತೆರೆದಿರುತ್ತದೆ. ಅಡುಗೆಮನೆ ತಿರುವಿನಲ್ಲಿ ನಿಧಾನವಾಗಿ ಚಲಿಸಿ. ಒಲೆ ಉರಿಯುತ್ತಿರುವಾಗ ಎಡಕ್ಕೆ ಹೋಗಿ. ರಸ್ತೆಯಲ್ಲಿ ಮಲಗುವುದು, ಉಣ್ಣುವುದು, ತಲೆ ಬಾಚುವುದು ಅಪರಾಧ. ಮನೆಯವರಿಗೆ ಮಾತ್ರ ರಾತ್ರಿ ಎಂಟರಿಂದ ಬೆಳಿಗ್ಗೆ ಆರರವರೆಗೆ ವಿನಾಯಿತಿ ಇದೆ.’ ಬೀದಿಯವರು ಮೊದಲು ಬಾಯಿ ಬಿಟ್ಟರು. ಎರಡನೇ ದಿನ ಇಬ್ಬರು ಸೈಕಲ್ ತಳ್ಳಿಕೊಂಡು ಹಿತ್ತಲಿಗೆ ಹೋಗಿ ಬಂದರು. ಮೂರನೇ ದಿನದಿಂದ ಹಿಂದಿನ ಜಮೀನಿಗೆ ಹೋಗುವ ಹೆಂಗಸರಿಗೆ ಅದೇ ಅಡ್ಡದಾರಿಯಾಯಿತು. ಹೋಗುವಾಗ ಕಣ್ಣಮ್ಮನ ಸಾರಿನ ರುಚಿ ನೋಡಿ ಉಪ್ಪು ಹೇಳಿ ಹೋಗುತ್ತಿದ್ದರು.

ಹದಿನೈದನೇ ದಿನ ಮಾರಪ್ಪನ್ ಜಲ್ಲಿಯ ಗಾಡಿ ತಂದ. ನಾವು ಮೂವರು ಕಚೇರಿಯವರೂ ಹೋಗಿದ್ದೆವು. ತಿರುಮಲೈಸಾಮಿ ಕುಳಿಯಲ್ಲಿ ಕಾಲಿಟ್ಟುಕೊಂಡು ನೇಯುತ್ತ ಕೂತಿದ್ದ, ತಲೆ ಎತ್ತಲಿಲ್ಲ. ಏಳು ಅಂದರೆ ಏಳಲಿಲ್ಲ. ಮಾರಪ್ಪನ್‌ಗೂ ಅವನ ಮೇಲೆ ದ್ವೇಷವೇನಿಲ್ಲ. ಪ್ರಮಾಣಪತ್ರ ಬರದಿದ್ದರೆ ಅವನ ಮನೆಯ ಮಹಡಿ ಅರ್ಧಕ್ಕೆ ನಿಲ್ಲುತ್ತದೆ, ಅಷ್ಟೆ. ಅವನೂ ಹತ್ತಿರದಲ್ಲೇ ಕುಕ್ಕರಗಾಲಲ್ಲಿ ಕೂತು ಬೇಡಿಕೊಂಡ.

ಆಗ ಸುಬ್ಬಯ್ಯನ್ ಅವರು ಕೈಪಿಡಿ ತೆಗೆದರು. ಗುಂಡಿ ಮುಚ್ಚುವ ಮೊದಲು ಅದರಲ್ಲಿರುವ ಸಡಿಲ ವಸ್ತುಗಳನ್ನೆಲ್ಲ ತೆಗೆಯತಕ್ಕದ್ದು ಅಂತ ಅದರಲ್ಲಿತ್ತು. ತಿರುಮಲೈಸಾಮಿ ಸಡಿಲ ವಸ್ತು ಹೌದೋ ಅಲ್ಲವೋ ಎಂಬ ತಾಂತ್ರಿಕ ಪ್ರಶ್ನೆ ಎದ್ದಿತು. ವೆಲ್ಲಿಂಗಿರಿ ಹಿಂದಿನಿಂದ ಕಂಕುಳಿಗೆ ಕೈಹಾಕಿ ಎಳೆದು ಪರೀಕ್ಷಿಸಿದ. ತಿರುಮಲೈಸಾಮಿ ತುಳಿಮಣೆಯ ಹಗ್ಗಕ್ಕೆ ಕಾಲು ಸುತ್ತಿಕೊಂಡಿದ್ದ, ಅಲುಗಲಿಲ್ಲ. ಸಡಿಲವಿಲ್ಲ ಅಂತ ನಾನು ಬರೆದುಕೊಂಡೆ. ಗಟ್ಟಿ ವಸ್ತುವಾದರೆ ಅದನ್ನು ಒಳಗೇ ಬಿಟ್ಟು ಮೇಲೆ ಜಲ್ಲಿ ತುಂಬಬಹುದು ಅಂತ ಅದೇ ಪುಟದ ಕೆಳಗಿತ್ತು. ಸುಬ್ಬಯ್ಯನ್ ಅವರು ಅದನ್ನು ಎರಡು ಸಲ ಓದಿ, ಪುಟ ತಿರುಗಿಸಿದರು. ಮನುಷ್ಯ ಒಳ್ಳೆಯವರು.

ಅಷ್ಟೂ ಹೊತ್ತು ಕಣ್ಣಮ್ಮ ಬಾಯಿ ಬಿಟ್ಟಿರಲಿಲ್ಲ. ಅದು ನನಗೆ ಜಲ್ಲಿಗಿಂತ ಹೆಚ್ಚು ಭಯ ಹುಟ್ಟಿಸಿತ್ತು. ಕಡೆಗೆ ಅವಳು ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಬಂದು ನನ್ನನ್ನೇ ಕೇಳಿದಳು.

“ಅಲ್ಲ ಮಾಯಣ್ಣ, ಬಸ್‌ಸ್ಟಾಪಿನ ಮುಂದೆ ಅನ್ನೂರು ರಸ್ತೇಲಿ ಒಂದು ಗುಂಡಿ ಐತಲ್ಲ, ಎಮ್ಮೆ ಮಲಗೋ ಅಷ್ಟು, ಅದನ್ನ ಯಾಕೆ ಹದಿಮೂರು ವರ್ಷದಿಂದ ಯಾರೂ ಮುಚ್ಚಿಲ್ಲ?”

ಇದು ನನ್ನ ವಿಭಾಗದ ಪ್ರಶ್ನೆ. ನಾನು ಸ್ವಲ್ಪ ಹೆಮ್ಮೆಯಿಂದಲೇ ಉತ್ತರ ಕೊಟ್ಟೆ. ಅದು ಕಾಮಗಾರಿಯ ಗುಂಡಿಯಲ್ಲ, ನಿರ್ವಹಣೆಯ ಗುಂಡಿ. ಕಾಮಗಾರಿ ಮುಗಿಯದ ರಸ್ತೆಯಲ್ಲಿರುವ ಗುಂಡಿಯನ್ನು ಕಂಟ್ರಾಕ್ಟರ್ ತಕ್ಷಣ ಮುಚ್ಚಬೇಕು. ಮುಗಿದ ರಸ್ತೆಯಲ್ಲಿ ಬಿದ್ದ ಗುಂಡಿಯನ್ನು ಸಾರ್ವಜನಿಕರ ದೂರಿನ ಮೇಲೆ ಗುಂಡಿ ರಿಜಿಸ್ಟರಿನಲ್ಲಿ ದಾಖಲಿಸುತ್ತೇವೆ. ದಾಖಲಾದ ಮೇಲೆ ಅದನ್ನು ಸರದಿ ಬರುವ ಮುಂಚೆ ಯಾರೂ ಮುಟ್ಟುವಂತಿಲ್ಲ, ಮುಟ್ಟಿದರೆ ಶಿಸ್ತುಕ್ರಮ. ಬಸ್‌ಸ್ಟಾಪಿನದು ಏಳನೇ ನಂಬರು. ಸರದಿ ಎಷ್ಟರ ತನಕ ಬಂದಿದೆ ಅಂತ ಅವಳು ಕೇಳಿದಳು. ಎರಡನೇ ನಂಬರಿನ ಅಂದಾಜುಪಟ್ಟಿ ಪರಿಶೀಲನೆಯಲ್ಲಿದೆ ಅಂದೆ.

ಕಣ್ಣಮ್ಮ ಗಂಡನ ಕಡೆ ನೋಡಿದಳು, ಆಮೇಲೆ ಜಲ್ಲಿ ಗಾಡಿಯ ಕಡೆ.

“ಸರಿ, ನಂದೊಂದು ದೂರು ಬರ್ಕೋ,” ಅಂದಳು. “ನಮ್ಮ ನಡುಮನೇಲಿ ಒಂದು ಗುಂಡಿ ಬಿದ್ದೈತೆ. ಬೇಗ ಮುಚ್ಚಿಕೊಡಬೇಕು ಅಂತ ತುಂಬ ಕೇಳ್ಕೊಂಡಿದ್ದೀನಿ ಅಂತ ಬರಿ.”

ಮಾರಪ್ಪನ್ ಮೊದಲು ಅರ್ಥಮಾಡಿಕೊಂಡ. ಅಂಥದ್ದರಲ್ಲಿ ಅವನು ಚುರುಕು. ದೂರು ತೆಗೆದುಕೊಳ್ಳಬೇಕಾದರೆ ರಸ್ತೆ ಮುಗಿದಿರಬೇಕು. ಮುಗಿದಿರಬೇಕಾದರೆ ಪೂರ್ಣತಾ ಪ್ರಮಾಣಪತ್ರ ಈಗಲೇ ಕೊಡಬೇಕು. ಅವನು ಎದ್ದು ನಿಂತು, ನೊಂದ ಸಾರ್ವಜನಿಕ ಮಹಿಳೆಯೊಬ್ಬಳ ದೂರನ್ನು ಕಚೇರಿ ತಿರಸ್ಕರಿಸುವುದು ನ್ಯಾಯವಲ್ಲ ಅಂತ ಸುಬ್ಬಯ್ಯನ್ ಅವರಿಗೆ ಹೇಳಿದ. ಗುಂಡಿ ಮುಂಚೆಯೇ ಇತ್ತು ಅಂತ ದೊಡ್ಡ ಇಂಜಿನಿಯರ್ ಬರೆದಿದ್ದಾರಲ್ಲ ಅಂತ ವೆಲ್ಲಿಂಗಿರಿ ನೆನಪಿಸಿದ. ಅದಕ್ಕೂ ದಾರಿಯಿತ್ತು. ಹಳೇ ಗುಂಡಿ ಮುಚ್ಚಲಾಯಿತು, ರಸ್ತೆ ಪೂರ್ಣವಾಯಿತು, ಅನಂತರ ಅದೇ ಜಾಗದಲ್ಲಿ ಅದೇ ಅಳತೆಯ ಹೊಸ ಗುಂಡಿ ಬಿತ್ತು ಅಂತ ಬರೆದರೆ ಮುಗಿಯಿತು. ಹೊಸ ರಸ್ತೆಯಲ್ಲಿ ಅಷ್ಟು ಬೇಗ ಗುಂಡಿ ಬೀಳುತ್ತದೆಯೇ ಅಂತ ಸುಬ್ಬಯ್ಯನ್ ಅವರು ಅನುಮಾನಪಟ್ಟರು. ನಾನು ಹಳೆಯ ದಾಖಲೆ ನೆನಪಿಸಿಕೊಂಡು, ಮಾರಪ್ಪನ್ ಹಾಕಿದ ರಸ್ತೆಗಳಲ್ಲಿ ಇದು ಅಸಹಜವಲ್ಲ ಅಂತ ತಿಳಿಸಿದೆ. ಮಾರಪ್ಪನ್ ಅದನ್ನು ಒಪ್ಪಿಕೊಂಡ.

ಹನ್ನೊಂದು ಇಪ್ಪತ್ತಕ್ಕೆ ಪೂರ್ಣತಾ ಪ್ರಮಾಣಪತ್ರ ಸಹಿಯಾಯಿತು. ಹನ್ನೊಂದು ಮೂವತ್ತಕ್ಕೆ ದೂರು ದಾಖಲಾಯಿತು. ಗುಂಡಿ ಸಂಖ್ಯೆ ಮುನ್ನೂರ ಹದಿನೆಂಟು. ಸ್ಥಳ, ಒಲೆಯಿಂದ ಐದು ಗಜ ಪೂರ್ವಕ್ಕೆ. ಕಾರಣ, ಅಧಿಕ ವಾಹನ ಸಂಚಾರ. ಮೇಲಿನ ಮರದ ಕಟ್ಟಡವನ್ನು ದಾರಿಹೋಕರು ಬೀಳದಂತೆ ಹಾಕಿದ ತಾತ್ಕಾಲಿಕ ತಡೆಗೋಡೆ ಅಂತ ತೋರಿಸಿದೆವು. ಮಗ್ಗದ ಎರಡು ತುದಿಗೂ ಕೆಂಪು ಬಟ್ಟೆ ಕಟ್ಟುವುದು ಕಡ್ಡಾಯ. ಬಟ್ಟೆಯನ್ನು ತಿರುಮಲೈಸಾಮಿಯೇ ನೇಯ್ದುಕೊಟ್ಟ. ಜಲ್ಲಿ ಗಾಡಿ ಬಂದ ದಾರಿಯಲ್ಲೇ ಹೋಯಿತು. ತಿರುಮಲೈಸಾಮಿ ಅಳುತ್ತಿದ್ದ, ಆದರೆ ಲಾಳಿ ನಿಲ್ಲಿಸಿರಲಿಲ್ಲ.

ಆಮೇಲಿನ ವರ್ಷಗಳಲ್ಲಿ ಯಾರಿಗೂ ಅದರಲ್ಲಿ ವಿಶೇಷವೇನೂ ಕಾಣಲಿಲ್ಲ. ಕಣ್ಣಮ್ಮ ಪ್ರತಿ ಆರು ತಿಂಗಳಿಗೊಮ್ಮೆ ಕಚೇರಿಗೆ ಬಂದು, ಗುಂಡಿ ಇನ್ನೂ ಯಾಕೆ ಮುಚ್ಚಿಲ್ಲ ಅಂತ ಜೋರುಮಾಡಿ ಹೋಗುತ್ತಿದ್ದಳು. ದೂರು ಜೀವಂತವಿರಲು ಅದು ಅಗತ್ಯ. ಒಂದು ಸಲ ಅವಳಿಗೆ ಜ್ವರ ಬಂದು ತಪ್ಪಿದಾಗ ನಾನೇ ಅವಳ ಪರವಾಗಿ ನನ್ನನ್ನು ಬೈದುಕೊಂಡು ಬರೆದುಕೊಂಡೆ. ಬೀದಿಯಲ್ಲಿ ನಾಲ್ಕಾರು ಮನೆಯವರು ಕುಳಿ ಮುಚ್ಚಿ ಪವರ್‌ಲೂಮಿಗೆ ಹೊರಟರು. ಉಳಿದವರು ನಮ್ಮ ಮನೆಗೂ ಒಂದಿಷ್ಟು ರಸ್ತೆ ಹಾಕಿಸಿ ಅಂತ ಅರ್ಜಿ ಕೊಟ್ಟರು. ಅರ್ಜಿಗಳು ಪರಿಶೀಲನೆಯಲ್ಲಿವೆ.

೧೯೮೮ರಲ್ಲಿ ಹೊಸ ದೊಡ್ಡ ಇಂಜಿನಿಯರ್ ಬಂದರು. ಜಿಲ್ಲೆಯ ಗುಂಡಿಗಳನ್ನೆಲ್ಲ ಖುದ್ದು ನೋಡುತ್ತೇನೆ ಅಂತ ಹೊರಟಿದ್ದರು. ಬಸ್‌ಸ್ಟಾಪಿನದರಲ್ಲಿ ಅವರ ಜೀಪು ಸಿಕ್ಕಿಕೊಂಡಿತು. ಅನ್ನೂರಿನ ಕಡೆಯದರಲ್ಲಿ ಒಂದು ಬೇವಿನ ಗಿಡ ಆಳೆತ್ತರ ಬೆಳೆದಿತ್ತು. ಎಲ್ಲಿಯೂ ಒಬ್ಬ ಆಳಿಲ್ಲ, ಒಂದು ಬುಟ್ಟಿ ಜಲ್ಲಿಯಿಲ್ಲ. ಮುಖ ಗಂಟಿಕ್ಕಿಕೊಂಡು ಅವರು ತಿರುಮಲೈಸಾಮಿಯ ಮನೆಯೊಳಗೆ ರಸ್ತೆಯಲ್ಲೇ ನಡೆದು ಬಂದು ಮುನ್ನೂರ ಹದಿನೆಂಟರ ಮುಂದೆ ನಿಂತರು. ನಾನು ರಿಜಿಸ್ಟರನ್ನು ಎದೆಗೆ ಅವಚಿಕೊಂಡು ಅವರ ಹಿಂದೆ ನಿಂತೆ. ಕೆಂಪು ಬಟ್ಟೆಗಳ ನಡುವೆ ಒಬ್ಬ ಮನುಷ್ಯ ಕೂತಿದ್ದ. ಸಾಹೇಬರು ಬಗ್ಗಿ ನೋಡಿದರು. ಕೆಳಗೆ ಅವನ ಎರಡೂ ಕಾಲು ಒಂದೇ ಸಮನೆ ಆಡುತ್ತಿದ್ದವು.

ಈ ಗುಂಡಿಯಲ್ಲಿ ಎಷ್ಟು ದಿನದಿಂದ ಕೆಲಸ ಮಾಡುತ್ತಿದ್ದೀಯ ಅಂತ ಕೇಳಿದರು.

“ಮೂವತ್ನಾಲ್ಕು ವರ್ಷ ಆಯ್ತು ಸಾರ್,” ಅಂದ ತಿರುಮಲೈಸಾಮಿ.

ಸಾಹೇಬರ ಮುಖ ಸಡಿಲವಾಯಿತು. ನೆಟ್ಟಗೆ ನಿಂತು, ನನ್ನ ಕಡೆ ತಿರುಗಿ, ಬರೆದುಕೊಳ್ಳಿ ಅಂದರು. ನಾನು ಬರೆದುಕೊಂಡೆ: ‘ಗುಂಡಿ ಸಂಖ್ಯೆ ಮುನ್ನೂರ ಹದಿನೆಂಟನ್ನು ಪರಿಶೀಲಿಸಿದೆ. ಕಾರ್ಮಿಕನೊಬ್ಬನು ಸ್ಥಳದಲ್ಲೇ ಇದ್ದು ಸತತವಾಗಿ ಕೆಲಸದಲ್ಲಿ ತೊಡಗಿರುತ್ತಾನೆ. ಇಡೀ ಜಿಲ್ಲೆಯಲ್ಲಿ ಕೆಲಸ ನಡೆಯುತ್ತಿರುವ ಗುಂಡಿ ಇದೊಂದೇ. ಇವನಿಗೆ ಯಾರೂ ಅಡ್ಡಿಪಡಿಸತಕ್ಕದ್ದಲ್ಲ.’